ಹೂಳಿಸಿದವರು ಮತ್ತು ಹೂಳಿದವರು

ಗುತ್ತಲದ ಚರಿತ್ರೆ ಎಂದರೆ ಗುತ್ತ ಅರಸರ ಚರಿತ್ರೆ ಎಂದೇ ನಮಗೆ ಹೇಳಿಕೊಟ್ಟಿದ್ದಾರೆ. ಕಲ್ಯಾಣದ ಚಾಲುಕ್ಯರಿಗೆ, ಆಮೇಲೆ ಸೇವುಣರಿಗೆ ಮಾಂಡಲಿಕರಾಗಿದ್ದ ಇವರು ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಕರೆಸಿಕೊಂಡರು. ಚೌಡದಾನಪುರದ ಮುಕ್ತೇಶ್ವರ ಗುಡಿಗೆ ಹೋದವರು ಅಲ್ಲಿನ ಕುಸುರಿಯನ್ನು ಹೊಗಳುತ್ತಾರೆ. ಹೊಗಳಲಿ. ತುಂಗಭದ್ರೆಯ ದಂಡೆಗೆ ಆ ಕಲ್ಲು ಎಳೆದು ತಂದವರ ವಂಶಾವಳಿಯನ್ನು ಯಾರು ಕೆತ್ತಿಸ್ಯಾರು?

ನಾನು ಓದಬೇಕೆನ್ನುವುದು ಇನ್ನೊಂದು ಶಾಸನವನ್ನು. ಗುತ್ತಲದ ಚಂದ್ರಶೇಖರ ಗುಡಿಯ 1539ರ ಈ ಶಾಸನದ ಸುದ್ದಿಯನ್ನು ಭಾರತೀಯ ಪುರಾತತ್ವ ಇಲಾಖೆ 2025ರಲ್ಲಿ ಹೊರಗೆ ತಂದಿತು. ಬರದಿಂದ 6307 ಮಂದಿ ಸತ್ತರು. ಅವರ ಹೆಣ ಹೂಳಿದ ಕೆಲಸ ಒಬ್ಬ ಒಡೆಯರ ಹೆಸರಿನಲ್ಲಿ ನಿಂತಿದೆ. ಬರದ ಸಾವನ್ನು ಎಣಿಸಿ ಕಲ್ಲಿಗೆ ಹಾಕಿದ್ದು ದೊಡ್ಡ ಮಾತೇ. ನನ್ನ ಪ್ರಶ್ನೆ ಸಣ್ಣದು: ಅಷ್ಟು ಹೆಣಕ್ಕೆ ಕುಣಿ ತೋಡಿದವರು ಯಾರು? ಸತ್ತ ದನ ಎಳೆಯುವ, ಸಾವಿನ ಸುದ್ದಿ ಮುಟ್ಟಿಸುವ, ಕುಣಿ ತೋಡುವ ಬಿಟ್ಟಿ ಚಾಕರಿ ನಮ್ಮ ಸೀಮೆಯಲ್ಲಿ ಯಾವ ಕೇರಿಗೆ ಬಿದ್ದಿತ್ತೆಂದು ಓದುವವರಿಗೆ ಗೊತ್ತು. ಶಾಸನದಲ್ಲಿ ಇದಿಲ್ಲ, ಇದು ನನ್ನ ಊಹೆ. ಆದರೆ ಕೇರಿಯಲ್ಲಿ ಹುಟ್ಟಿದವನ ಊಹೆ.

ಬರ ಬಂದರೆ ಸಾಯಬೇಕು, ಇಲ್ಲವೆ ಊರು ಬಿಡಬೇಕು. ನಮ್ಮವರು ಗುಳೆ ಹೋಗುವುದನ್ನು ಕಲಿತರು. ಪಠ್ಯಪುಸ್ತಕ ಇದಕ್ಕೆ ವಲಸೆ ಎನ್ನುತ್ತದೆ. ವಲಸೆ ಹಕ್ಕಿಯೂ ಹೋಗುತ್ತದೆ, ಸಾಲ ತಲೆ ಮೇಲೆ ಹೊತ್ತು ಹೋಗುವುದಿಲ್ಲ.

1961ರ ಡಿಸೆಂಬರ್‌ವರೆಗೆ ಗೋವಾ ಪೋರ್ಚುಗೀಸರದು, ಪರದೇಶ. ಆಮೇಲೆ ಅದು ಭಾರತಕ್ಕೆ ಸೇರಿತು. ದುಡಿಯಲು ಹೋದವರಿಗೆ ಪರದೇಶವಾಗಿಯೇ ಉಳಿಯಿತು. ವಾಸ್ಕೋದ ಬಂದರಿಗೆ, ಕಟ್ಟಡಗಳಿಗೆ ಉತ್ತರ ಕರ್ನಾಟಕದ ಮಂದಿ ಬುಟ್ಟಿ ಹೊತ್ತರು. ಅಲ್ಲಿ ಇವರನ್ನು 'ಘಾಂಟಿ' ಎಂದರು. ಜಾತಿ ಊರಲ್ಲೇ ಬಿಟ್ಟು ಬಂದೆವು ಎಂದುಕೊಂಡವರಿಗೆ ಇನ್ನೊಂದು ಜಾತಿ ಸಿಕ್ಕಿತು. 2004ರಲ್ಲಿ ಬೈನಾ ಕಡಲದಂಡೆಯ ಮನೆಗಳನ್ನು ಬುಲ್ಡೋಜರ್ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡದವರೂ ಇದ್ದರು.

ನಮ್ಮ ದೊಡ್ಡವ್ವ ಮಡಗಾಂವದಲ್ಲಿ ಎಂಟು ವರ್ಷ ಗೌಂಡಿ ಕೈಯಾಗ ದುಡಿದಳು. ಮುಕಾದಮನ ಪುಸ್ತಕದಲ್ಲಿ ಆಕೆಯ ಹೆಸರಿಲ್ಲ. ದೊಡ್ಡಪ್ಪನ ಹೆಸರಿನ ಮುಂದೆ 'ಜೋಡಿ' ಎಂದಷ್ಟೇ ಇತ್ತು. "ಇಬ್ಬರ ಪಗಾರ ಅವನ ಕೈಯಾಗ ಕೊಡತಿದ್ರಪ್ಪ. ನಾ ಅಲ್ಲಿದ್ನೋ ಇಲ್ಲೋ ಅಂತ ಈಗ ಯಾರನ್ನ ಕೇಳ್ತಿ?" ಅಂತಾಳೆ.

ಈ 'ಜೋಡಿ' ಬರೀ ಅವಮಾನದ ಮಾತಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರ ಕರೆದೊಯ್ದವರನ್ನಷ್ಟೇ ಕಂಡಿತು. ತಾವೇ ಬಸ್ಸು ಹತ್ತಿ ಹೋದವರು ಅದರ ಲೆಕ್ಕಕ್ಕೆ ಬರಲಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿರಬೇಕು ಎಂದಿತು. ಹೆಸರೇ ಇಲ್ಲದವಳು ತೊಂಬತ್ತು ದಿನ ಎಲ್ಲಿಂದ ತರಬೇಕು?

ಗೋವಾ ದಾಟಿ ಕೊಲ್ಲಿ ದೇಶಕ್ಕೆ ಹೋಗುವ ಹುಡುಗರ ಕಥೆಯೂ ಕಾಗದದ್ದೇ. 1983ರ ಎಮಿಗ್ರೇಷನ್ ಕಾಯ್ದೆಯ ವ್ಯವಸ್ಥೆಯಲ್ಲಿ ಹತ್ತನೇ ತರಗತಿ ದಾಟದವರು ಅಲ್ಲಿ ಕೂಲಿಗೆ ಹೋಗಲು ಸರ್ಕಾರದ ಅನುಮತಿ ಪಡೆಯಬೇಕಾಯಿತು. ಕಾಪಾಡಲಿಕ್ಕೆಂದೇ ಮಾಡಿದ ನಿಯಮ, ಸರಿ. ಆದರೆ ನಮ್ಮ ಹುಡುಗರ ಶಾಲೆ ಬಿಡಿಸಿದ್ದೇ ಗುಳೆ. ಶಾಲೆ ಬಿಟ್ಟದ್ದಕ್ಕೆ ಏಜೆಂಟ ಮತ್ತಷ್ಟು ರೊಕ್ಕ ಕೇಳುತ್ತಾನೆ. ಅಲ್ಲಿ ಇಳಿದ ಮೇಲೆ ಮಾಲಕ ಪಾಸ್‌ಪೋರ್ಟ್ ಇಸಿದುಕೊಂಡನೆಂದರೆ ಹೆಸರಿನ ಕಾಗದವೂ ಕೈಬಿಟ್ಟಿತು.

ದಲಿತ ವಿಮರ್ಶೆ ಇಷ್ಟು ದಿನ ಹೆಚ್ಚಾಗಿ ಕಾವ್ಯ, ಕಾದಂಬರಿ, ಆತ್ಮಕಥೆಗಳನ್ನು ಓದಿದೆ. ಹಾಜರಿ ಪುಸ್ತಕವನ್ನೂ ಹಾಗೆಯೇ ಓದಬೇಕು: ಬರೆದವರು ಯಾರು, ಬಿಟ್ಟದ್ದು ಯಾರನ್ನು. ಗುತ್ತಲ, ಹಾವೇರಿ, ಬ್ಯಾಡಗಿ ಕಡೆಯ ಮುಕಾದಮರ ಮನೆಯ ಅಟ್ಟದ ಮೇಲೆ ಅಂಥವು ಇನ್ನೂ ಇದ್ದಾವು. ಇಲಿ ತಿನ್ನುವ ಮೊದಲು, ಎಂ.ಎ. ಓದುವ ನಮ್ಮ ಹುಡುಗ ಹುಡುಗಿಯರು ಅವನ್ನು ಕೆಳಗೆ ಇಳಿಸಲಿ. 'ಜೋಡಿ' ಎಂದಿದ್ದಲ್ಲಿ ಆ ಮನೆಗೇ ಹೋಗಿ ಹೆಸರು ಕೇಳಿ ಬರೆದುಕೊಳ್ಳಲಿ.