ನಲಿ-ಕಲಿ: ಹುಟ್ಟು ಮತ್ತು ಹರಹು

ಕರ್ನಾಟಕದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿ ಮಕ್ಕಳು ಚಟುವಟಿಕೆಯ ಮೂಲಕ ಕಲಿಯುವ ನಲಿ-ಕಲಿ ಪದ್ಧತಿಯನ್ನು ಶಿಕ್ಷಣ ಇಲಾಖೆಯ ಯೋಜನೆಗಳಲ್ಲಿ ಒಂದೆಂದು ಎಣಿಸುವುದು ರೂಢಿ. ಆದರೆ ಅದು ಬೇರುಬಿಟ್ಟದ್ದು ಪ್ರಾಥಮಿಕ ಶಾಲೆಯ ಶಿಕ್ಷಕರ ಕೈಯಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಋಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು ತಾವೇ ಕಲಿಯುವುದನ್ನು ಕಂಡರು. ಊರಿಗೆ ಮರಳಿ ಕನ್ನಡಕ್ಕೆ ಒಗ್ಗುವ ಕಾರ್ಡುಗಳನ್ನು ತಾವೇ ಬರೆದರು. ಈ ಪದ್ಧತಿಯ ಬಲವನ್ನೂ ಮುಂದೆ ಅದು ಸೊರಗಿದ್ದನ್ನೂ ಅರಿಯಲು ಈ ಆರಂಭವನ್ನು ಗಮನಿಸಲೇಬೇಕೆಂದು ನನಗನ್ನಿಸುತ್ತದೆ.

ಋಷಿ ವ್ಯಾಲಿಯ ಹಳ್ಳಿಶಾಲೆಗಳ ಪ್ರಯೋಗವನ್ನು ರೂಪಿಸಿದವರು ಪದ್ಮನಾಭ ರಾವ್ ಮತ್ತು ರಮಾ ದಂಪತಿ. ಒಂದೇ ಕೋಣೆ, ಒಬ್ಬರೇ ಶಿಕ್ಷಕರು, ಹಲವು ವಯಸ್ಸಿನ ಮಕ್ಕಳು ಎಂಬ ಸ್ಥಿತಿಯನ್ನು ಅವರು ಕೊರತೆಯೆಂದು ಕಾಣದೆ ಅದರ ಮೇಲೆಯೇ ಪಾಠಕ್ರಮವನ್ನು ಕಟ್ಟಿದರು. ಇದೇ ಸೀಮೆಯಲ್ಲಿ, ಗಡಿಯ ಈಚೆಗೆ, ಕೋಲಾರ ಜಿಲ್ಲೆಯಲ್ಲಿ ಡೇವಿಡ್ ಹಾರ್ಸ್‌ಬರ್ಗ್ 1972ರಲ್ಲಿ ನೀಲ್‌ಬಾಗ್ ಶಾಲೆಯನ್ನು ತೆರೆದಿದ್ದರು. ಅವರೂ ಹಿಂದೆ ಋಷಿ ವ್ಯಾಲಿಯಲ್ಲಿ ಪಾಠ ಮಾಡಿದವರೇ. ನೀಲ್‌ಬಾಗ್‌ನಲ್ಲಿ ಪರೀಕ್ಷೆಯಿರಲಿಲ್ಲ; ಪ್ರತಿ ಮಗುವೂ ತನ್ನ ವೇಗದಲ್ಲಿ ಸಾಗುತ್ತಿತ್ತು.

ನಲಿ-ಕಲಿಯ ಇನ್ನೊಂದು ಆಧಾರವಾದ, ಮಕ್ಕಳೇ ಮಕ್ಕಳಿಗೆ ಕಲಿಸುವ ಕ್ರಮವಂತೂ ಇನ್ನೂ ಹಳೆಯದು. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ನಮ್ಮ ಕೂಲಿಮಠಗಳಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ದಕ್ಷಿಣ ಭಾರತದ ಇಂಥ ಪಾಠಶಾಲೆಗಳನ್ನು ಕಂಡ ಪಾದ್ರಿ ಆಂಡ್ರ್ಯೂ ಬೆಲ್ ಈ ಕ್ರಮವನ್ನು ಮದರಾಸಿನ ಅನಾಥಾಲಯದಲ್ಲಿ ಪ್ರಯೋಗಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ವರದಿ ಪ್ರಕಟಿಸಿದ. ಆದರೆ ಬೆಲ್‌ನ ಕ್ರಮದಲ್ಲಿ ಕಂಠಪಾಠವೇ ಮುಂದಿತ್ತು, ಮಗುವಿನ ಆಯ್ಕೆಗೆ ಎಡೆಯಿರಲಿಲ್ಲ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರ ಎದುರಿಗಿದ್ದ ತೊಡಕು ಬೇರೆಯದೇ. ಕಾಡಂಚಿನ ಆದಿವಾಸಿ ಹಾಡಿಗಳ ಕುಟುಂಬಗಳು ಕೂಲಿಗಾಗಿ ಕೊಡಗಿನ ತೋಟಗಳಿಗೆ ಹೋದಾಗ ಮಕ್ಕಳೂ ಜೊತೆಗೆ ಹೋಗುತ್ತಿದ್ದರು. ಮರಳಿ ಬರುವಷ್ಟರಲ್ಲಿ ತರಗತಿ ಹತ್ತು ಪಾಠ ಮುಂದಿರುತ್ತಿತ್ತು. ಹಿಂದೆ ಬಿದ್ದ ಮಗು ಶಾಲೆಯನ್ನೇ ಬಿಡುತ್ತಿತ್ತು. ಇದಕ್ಕೆ ಸಿಕ್ಕ ಉತ್ತರ ಕಲಿಕಾ ಏಣಿ. ಪಾಠವೆಲ್ಲ ಮೈಲಿಗಲ್ಲುಗಳಾಗಿ, ಮೈಲಿಗಲ್ಲುಗಳು ಪುಟ್ಟ ಮೆಟ್ಟಿಲುಗಳಾಗಿ ಒಡೆದವು. ಮೆಟ್ಟಿಲಿಗೊಂದು ಕಾರ್ಡ್, ಕಾರ್ಡಿಗೊಂದು ಚಿತ್ರದ ಗುರುತು. ಓದು ಬಾರದ ಮಗುವೂ ಗುರುತು ನೋಡಿ ತನ್ನ ಕಾರ್ಡನ್ನು ಹುಡುಕಿಕೊಳ್ಳುತ್ತದೆ. ಎರಡು ವಾರ ಬಾರದಿದ್ದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಏರತೊಡಗುತ್ತದೆ.

ಕೂರುವ ಕ್ರಮವೂ ಬದಲಾಯಿತು. ಐದು ಗುಂಪು, ಗುಂಪುಗಳ ಗುರುತಿಗೆ ಐದು ತಟ್ಟೆ: ಶಿಕ್ಷಕರ ಪೂರ್ಣ ನೆರವು, ಭಾಗಶಃ ನೆರವು, ಗೆಳೆಯರ ಪೂರ್ಣ ನೆರವು, ಭಾಗಶಃ ನೆರವು, ಕೊನೆಗೆ ಸ್ವಕಲಿಕೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೇ ಕಪ್ಪುಹಲಗೆ, ತಲೆಯ ಮೇಲೆ ಅವರದೇ ಕೈಕೆಲಸ ತೂಗುವ ಚಪ್ಪರ.

ನನಗೆ ಅತ್ಯಂತ ದಿಟ್ಟವೆನಿಸುವುದು ಅಕ್ಷರಗಳ ಕ್ರಮ. ನಲಿ-ಕಲಿ ವರ್ಣಮಾಲೆಯ ಸಾಲನ್ನು ಬಿಟ್ಟು ‘ರ ಗ ಸ ದ ಅ’ದಿಂದ ಶುರುವಾಗುತ್ತದೆ. ಕಾಗುಣಿತವಿಲ್ಲದೆ, ಒತ್ತಕ್ಷರವಿಲ್ಲದೆ, ಈ ಐದರಲ್ಲೇ ಸರ, ಅರಸ, ಅಗಸ, ದಸರ, ಗರಗಸ ಹುಟ್ಟುತ್ತವೆ. ಋ, ಞಗಳನ್ನೆಲ್ಲ ದಾಟಿದ ಮೇಲೆ ಸಿಗುತ್ತಿದ್ದ ಓದುವ ಸುಖ ಮೊದಲ ವಾರಗಳಲ್ಲೇ ದಕ್ಕುತ್ತದೆ. ಸಂಪ್ರದಾಯ ಮುರಿಯಿತೆಂದು ಗೊಣಗಿದವರು ಈ ಸುಖವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮುಂದಿನದು ಹರಹಿನ ಕಥೆ. ಪದ್ಧತಿ ಮೊದಲು ಬೇರೆ ತಾಲ್ಲೂಕುಗಳಿಗೆ ಹಬ್ಬಿತು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗಳಿಗೂ, ಮರುವರ್ಷ ಮೂರನೆಯದಕ್ಕೂ ಬಂತು. ಅದೇ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಚಟುವಟಿಕೆ, ಅನ್ವೇಷಣೆಗಳ ಮೂಲಕ ಕಲಿಸಬೇಕೆಂದು ಹೇಳಿತು. ಕಾಯ್ದೆಯ ಬೆಂಬಲ ಸಿಕ್ಕಿತು, ಆದರೆ ಕಾರ್ಡುಗಳು ಅಚ್ಚಾಗಿ ಬಂದವು. ತಾನೇ ಬರೆದ ಕಾರ್ಡು ಮಗುವಿಗೆ ತಿಳಿಯದಿದ್ದರೆ ಶಿಕ್ಷಕಿ ಅದನ್ನು ತಿದ್ದುತ್ತಾಳೆ. ಅಚ್ಚಾಗಿ ಬಂದದ್ದನ್ನು ತಿದ್ದುವ ಅಧಿಕಾರ ತನಗಿದೆಯೆಂದು ಅವಳಿಗೆ ಅನ್ನಿಸುವುದಿಲ್ಲ. ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆಯೆಂದು ದಾಖಲಿಸುವ ಪ್ರಗತಿ ನೋಟ ತುಂಬುವುದೇ ಕೆಲಸವಾಗಿಬಿಡುವ ಅಪಾಯ ಇಲ್ಲಿಂದಲೇ ಹುಟ್ಟಿತು. ರಾಜ್ಯಕ್ಕೆಲ್ಲ ಕೊಡಬೇಕಿದ್ದದ್ದು ಕಾರ್ಡಿಗಿಂತ ಮೊದಲು ಕಾರ್ಡು ಬರೆಯುವ ತರಬೇತಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಬಿರುಕು ನಾಲ್ಕನೇ ತರಗತಿಯ ಬಾಗಿಲಲ್ಲಿದೆ. ಅಲ್ಲಿ ಏಣಿಯೂ ಇಲ್ಲ, ತಟ್ಟೆಯೂ ಇಲ್ಲ. ಪಠ್ಯಪುಸ್ತಕ ಮತ್ತು ಎಲ್ಲರಿಗೂ ಒಂದೇ ವೇಗ. ಮೂರು ವರ್ಷ ತನ್ನ ಮೆಟ್ಟಿಲನ್ನು ತಾನೇ ಹುಡುಕಿಕೊಂಡ ಮಗು ಅಲ್ಲಿ ಸಾಲಾಗಿ ಕೂತು, ಶಿಕ್ಷಕರು ಪುಟ ಹೇಳುವವರೆಗೆ ಕಾಯಬೇಕು.