ಕಡಾಣಿ ಕಳಚಿದ ಕಥೆಗಳು

ಕಡಾಣಿ ಕಳಚಿದರೆ ಗಾಡಿಯ ಗತಿ ಏನೆಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಕಬ್ಬಿಣದ ಆ ಸಣ್ಣ ತುಂಡು ಬಿದ್ದರೆ ಚಕ್ರವೇ ಹೊರಬಂದು ಗಾಡಿ ಮಗುಚುತ್ತದೆ. ಬಾಹ್ಯಾಕಾಶ ನೌಕೆಯ ದುರಂತವನ್ನು ನಂಬುವಂತೆ ಬರೆಯುವ ಗುಟ್ಟೂ ಇದೇ.

ಮೊದಮೊದಲ ಕಥೆಗಾರರಿಗೆ ಇದರ ಗೊಡವೆ ಇರಲಿಲ್ಲ. ಫ್ರಾನ್ಸಿನ ಜೂಲ್ಸ್ ವರ್ನ್ 1865ರ ಕಾದಂಬರಿಯಲ್ಲಿ ಮೂವರನ್ನು 900 ಅಡಿ ಉದ್ದದ ಫಿರಂಗಿಯಿಂದ ಚಂದ್ರನತ್ತ ಹಾರಿಸಿದರು. ಕ್ಷಣಾರ್ಧದಲ್ಲಿ ಸೆಕೆಂಡಿಗೆ 11 ಕಿ.ಮೀ. ವೇಗ ಪಡೆದರೆ ಮನುಷ್ಯರು ಅಪ್ಪಚ್ಚಿಯಾಗುತ್ತಾರೆ. ವರ್ನ್ ನೀರಿನ ಮೆತ್ತೆಯಿಟ್ಟು ಅವರನ್ನು ಬದುಕಿಸಿಕೊಂಡರು!

ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ 1971ರಲ್ಲಿ ಪ್ರಕಟಿಸಿದ 'ಅನಾಂಕೆ' ಕಥೆ ಬೇರೆ ಜಾತಿಯದು. ಮಂಗಳ ಗ್ರಹದಲ್ಲಿ ಇಳಿಯುತ್ತಿದ್ದ ಭಾರೀ ನೌಕೆ ನೆಲಕ್ಕಪ್ಪಳಿಸುತ್ತದೆ. ಕಾರಣ ಉಲ್ಕೆಯಲ್ಲ, ಅನ್ಯಗ್ರಹದ ಶತ್ರುವೂ ಅಲ್ಲ. ಕಂಪ್ಯೂಟರನ್ನು ಪಳಗಿಸಿದವನ ಅತಿ ಎಚ್ಚರದ ಗೀಳು ಯಂತ್ರಕ್ಕೂ ಅಂಟಿತ್ತು. ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸಹೋಗಿ ಅದು ಮಾಹಿತಿಯ ಭಾರಕ್ಕೆ ಕುಸಿಯಿತು. ಇದು ಬರೀ ಕಲ್ಪನೆಯಲ್ಲ. 1969ರಲ್ಲಿ ಚಂದ್ರನ ಮೇಲೆ ಇಳಿಯುವಾಗ ಅಪೊಲೊ-11ರ ಕಂಪ್ಯೂಟರಿಗೂ ಹೊರೆ ಹೆಚ್ಚಾಗಿತ್ತು. ಮುಖ್ಯವಲ್ಲದ ಕೆಲಸ ಕೈಬಿಡುವಂತೆ ಅದನ್ನು ರೂಪಿಸಿದ್ದರಿಂದ ಇಳಿಯುವ ಕೆಲಸ ನಿಲ್ಲಲಿಲ್ಲ.

ನಿಜ ದುರಂತಗಳೂ ಹೀಗೆಯೇ. 1971ರ ಜೂನ್‌ನಲ್ಲಿ ಸೋಯುಜ್-11 ಸರಿಯಾಗಿಯೇ ನೆಲಕ್ಕಿಳಿಯಿತು. ಒಳಗಿದ್ದ ಮೂವರು ಸತ್ತಿದ್ದರು. ಕವಾಟವೊಂದು ತೆರೆದುಕೊಂಡು ಗಾಳಿ ಸೋರಿಹೋಗಿತ್ತು. 1986ರ ಜನವರಿ 28ರಂದು ಚಾಲೆಂಜರ್ ಏಳು ಮಂದಿಯನ್ನು ಬಲಿ ತೆಗೆದುಕೊಂಡಿತು. ಚಳಿಗೆ ಪೆಡಸಾದ ರಬ್ಬರ್ ಉಂಗುರ ಅದಕ್ಕೆ ಕಾರಣ. ಅಡಿಕೆ ತೋಟದ ಪಂಪಿನ ವಾಷರ್ ಕೂಡ ಮಾಡುವ ಕೆಲಸವೇ ಅದರದು. ಎಂಜಿನಿಯರುಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಕೊಲಂಬಿಯಾದೊಂದಿಗೆ ಮಡಿದರು. ಉಡಾವಣೆಯ ವೇಳೆ ಕಳಚಿದ ನೊರೆಯ ತುಂಡು ರೆಕ್ಕೆಗೆ ಬಡಿದಿತ್ತು.

ಈ ಪಾಠದ ಒಂದು ಅಧ್ಯಾಯ ಜಗಳೂರಿನ ನೆರೆಯಲ್ಲೇ ಇದೆ. ಚಂದ್ರಯಾನ-2ಕ್ಕಾಗಿ ಇಸ್ರೋ ಚಳ್ಳಕೆರೆ ಬಳಿ ಚಂದ್ರನಂಥ ಕುಳಿಗಳನ್ನು ತೋಡಿ ಸಂವೇದಕಗಳನ್ನು ಪರೀಕ್ಷಿಸಿತು. ಆದರೂ 2019ರ ಸೆಪ್ಟೆಂಬರ್ 7ರಂದು ವಿಕ್ರಮ್ ಚಂದ್ರನಿಗಪ್ಪಳಿಸಿತು. ಅದರಲ್ಲಿ ಮನುಷ್ಯರಿರಲಿಲ್ಲ. ಎಲ್ಲೆಲ್ಲಿ ಎಡವಬಹುದೆಂದು ಮೊದಲೇ ಊಹಿಸಿ ಕಟ್ಟಿದ ಚಂದ್ರಯಾನ-3, 2023ರ ಆಗಸ್ಟ್ 23ರಂದು ಸುರಕ್ಷಿತವಾಗಿ ಇಳಿಯಿತು.

ಭಾರತ ಈಗ ಮನುಷ್ಯರನ್ನೇ ಕಳಿಸುವ ಸಿದ್ಧತೆಯಲ್ಲಿದೆ. ಕನ್ನಡದ ಕಥೆಗಾರರು ನೌಕೆಯ ಸ್ಫೋಟವನ್ನು ಬಣ್ಣಿಸಿದರೆ ಸಾಲದು. ಕಡಾಣಿ ಸಡಿಲವಾದದ್ದನ್ನು ಕಂಡವರು ಯಾರು, ಅವರ ಮಾತನ್ನು ಕೇಳದವರು ಯಾರು ಎಂದೂ ಕೇಳಬೇಕು.