ವಿದಾಯದ ಚಿತ್ರಗಳಿಂದ ಆಚೆಗೆ

ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾ ಸೀಮೆಗೆ ಕುರಿಗಳ ಚಿತ್ರಸಂಪುಟ ಕ್ಯಾಮೆರಾಗಿಂತ ಮೊದಲೇ ಬಂದಿತ್ತು. 1817ರಲ್ಲಿ ಅಚ್ಚಾದ ‘ಶೆಫರ್ಡ್ಸ್ ಗೈಡ್’ನಲ್ಲಿ ಪುಟಪುಟಕ್ಕೂ ಒಂದೇ ಬಗೆಯ ಕುರಿಗಳು, ಬದಲಾಗುವುದು ಮೈಮೇಲಿನ ಬಣ್ಣದ ಗುರುತು, ಕಿವಿ ಕತ್ತರಿಸಿದ ರೀತಿ ಅಷ್ಟೇ. ಬೇಲಿಯಿಲ್ಲದ ಗುಡ್ಡದಲ್ಲಿ ಬೇರೆ ಮಂದೆಗೆ ಸೇರಿಹೋದ ಕುರಿ ಯಾರದೆಂದು ತಿಳಿಯಲು ರೈತರು ತೆರೆದು ನೋಡುತ್ತಿದ್ದ ಪುಸ್ತಕ ಅದು. ಆಮೇಲೆ ಬಂದ ಛಾಯಾಗ್ರಾಹಕರಲ್ಲಿ ಹೆಚ್ಚಿನವರಿಗೆ ಇಂಥ ಕೆಲಸದ ಕಣ್ಣು ಇರಲಿಲ್ಲ. ಗುಡ್ಡದ ಬೇಸಾಯ ಎಂದರೆ ಇನ್ನೇನು ಮುಗಿದುಹೋಗುವ ಲೋಕ ಎಂದೇ ಅವರು ಬಟನ್ ಒತ್ತಿದರು.

ಆ ನೋಟಕ್ಕೆ ಮಾದರಿ ವೇಲ್ಸಿನಲ್ಲಿದೆ. 1945ರಲ್ಲಿ ಜೆಫ್ ಚಾರ್ಲ್ಸ್ ತೆಗೆದ ಚಿತ್ರದಲ್ಲಿ ಬರಹಗಾರನೂ ಆಗಿದ್ದ ಮುದಿ ರೈತ ಕಾರ್ನೆಡೊಗ್ ಮತ್ತು ಅವನ ಹೆಂಡತಿ ಕಾತ್ರಿನ್, ಬೆಟ್ಟದ ಮನೆ ಬಿಟ್ಟು ಇಂಗ್ಲೆಂಡಿನಲ್ಲಿದ್ದ ಮಗನ ಮನೆಗೆ ಹೊರಟಿದ್ದಾರೆ. ನಿಲ್ಲಿಸಿ ತೆಗೆದಂತಿದ್ದರೂ ವೇಲ್ಸಿನವರ ಮನಸ್ಸಿನಲ್ಲಿ ಅದು ನೆಟ್ಟುಕೊಂಡಿದೆ. ಅದೇ ಚಾರ್ಲ್ಸ್ ತೆಗೆದ ಸುಮಾರು 1,20,000 ನೆಗೆಟಿವ್‌ಗಳು ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಆದರೆ ಜನ ಕೇಳುವುದು ಈ ಒಂದು ಅಗಲಿಕೆಯನ್ನೇ.

ಕಂಬ್ರಿಯಾದ ಕೆಂಡಲ್ ಪಟ್ಟಣದ ಜೋಸೆಫ್ ಹಾರ್ಡ್‌ಮನ್ ಕೂಡ ಅಲ್ಲಿನ ಸರೋವರ ಸೀಮೆಯ (ಲೇಕ್ ಡಿಸ್ಟ್ರಿಕ್ಟ್) ರೈತರ ಚಿತ್ರಗಳನ್ನು ದಶಕಗಟ್ಟಲೆ ತೆಗೆದವರು. ತುಪ್ಪಟ ಕತ್ತರಿಸುವ ದಿನ ಅಕ್ಕಪಕ್ಕದವರೆಲ್ಲ ಮುಯ್ಯಾಳಾಗಿ ಸೇರುತ್ತಿದ್ದ ಕಾಲ ಅದು. ದೂರದ ದಕ್ಷಿಣದಲ್ಲಿ, ಉತ್ತರ ಡೆವನ್‌ನಲ್ಲಿ ಜೇಮ್ಸ್ ರವಿಲಿಯಸ್ 1972ರಿಂದ ಹದಿನೇಳು ವರ್ಷ ಅದೇ ಊರುಕೇರಿ ಸುತ್ತಿದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು; ಲೇಪನವಿಲ್ಲದ ಹಳೆಯ ಲೆನ್ಸುಗಳಲ್ಲಿ, ಬೆಳಕಿಗೆ ಎದುರಾಗಿ ತೆಗೆದವು ಎಷ್ಟೋ. ನನ್ನ ಮಟ್ಟಿಗೆ ಈ ಪರಂಪರೆಯ ಅತ್ಯುತ್ತಮ ಕಣ್ಣು ಅವರದು. ಆದರೂ ಅವರ ಒಲವು ಹಳೆಯ ರೀತಿಗಳ ಕಡೆಗೇ.

ಇತ್ತ ಗುಡ್ಡದಲ್ಲಿ ನಡೆಯುತ್ತಿದ್ದುದೇ ಬೇರೆ. 1946ರ ಹಿಲ್ ಫಾರ್ಮಿಂಗ್ ಕಾಯ್ದೆಯಿಂದ ಸರ್ಕಾರದ ದುಡ್ಡು ಹರಿದು ಬಂತು. ಮುಂದೆ ಸಹಾಯಧನ ಕುರಿಯ ತಲೆ ಲೆಕ್ಕದಲ್ಲಿ ಸಿಗತೊಡಗಿದಾಗ ರೈತ ಕುರಿ ಹೆಚ್ಚಿಸಿದ. ಗುಡ್ಡ ನುಣ್ಣಗಾಯಿತು. ಕ್ಯಾಲೆಂಡರಿನಲ್ಲಿ ನಾವು ಮೆಚ್ಚುವ ಬೋಳು ಹಸಿರು ಎಷ್ಟೋ ಕಡೆ ಅತಿಮೇವಿನ ಗುರುತು. ಚಿತ್ರ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ, ಹೇಳಿಕೊಡಬೇಕು.

ತಿರುವು ಬಂದದ್ದು 2001ರ ಕಾಲುಬಾಯಿ ಜ್ವರದಲ್ಲಿ. ಬ್ರಿಟನ್ನಿನಲ್ಲಿ ಅರವತ್ತು ಲಕ್ಷಕ್ಕೂ ಮಿಕ್ಕಿ ಜಾನುವಾರುಗಳನ್ನು ಕೊಂದರು. ಅತಿ ಹೆಚ್ಚು ಪೆಟ್ಟು ಬಿದ್ದದ್ದು ಕಂಬ್ರಿಯಾಕ್ಕೆ. ಅಲ್ಲಿನ ಹೆರ್ಡ್‌ವಿಕ್ ಕುರಿಗೆ ತನ್ನ ಗುಡ್ಡದ ಎಲ್ಲೆ ಗೊತ್ತು. ತಾಯಿಯ ಹಿಂದೆ ಅಲೆದು ಮರಿ ಅದನ್ನು ಕಲಿಯುತ್ತದೆ, ಹಾಗಾಗಿ ಬೇಲಿ ಬೇಡ. ಅಂಥ ಮಂದೆ ಒಮ್ಮೆ ಹೋದರೆ ಸಂತೆಯಿಂದ ಬೇರೆ ಕುರಿ ತಂದು ತುಂಬಿಸಲಾಗದು. ಛಾಯಾಗ್ರಾಹಕ ಜಾನ್ ಡಾರ್ವೆಲ್ ಈ ದುರಂತವನ್ನು ‘ಡಾರ್ಕ್ ಡೇಸ್’ ಎಂಬ ಸರಣಿಯಾಗಿ ದಾಖಲಿಸಿದರು. ಮುಚ್ಚಿದ ಕಾಲುದಾರಿ, ನಿಷೇಧದ ಫಲಕ, ಬರಿದಾದ ಹೊಲ. ಸೊಬಗಿನ ಹಂಗು ತೊರೆದ ಕೆಲಸ ಅದು. ಗುಡ್ಡದ ಬೇಸಾಯ ಎಂದರೆ ರೋಗ, ಕಾನೂನು, ಪರಿಹಾರದ ಚೆಕ್ಕು ಕೂಡ ಎಂಬುದು ಫೋಟೋದ ಚೌಕಟ್ಟಿಗೆ ಆಗ ಬಂತು.

ಆಮೇಲೆ ಕ್ಯಾಮೆರಾ ರೈತರ ಕೈಗೇ ಬಂತು. ಮ್ಯಾಟರ್‌ಡೇಲ್ ಕಣಿವೆಯ ಜೇಮ್ಸ್ ರಿಬ್ಯಾಂಕ್ಸ್ ಫೋನಿನಲ್ಲಿ ಕುರಿ, ನಾಯಿ, ಹಿಮ ತೆಗೆದು ಟ್ವಿಟರ್‌ಗೆ ಹಾಕುತ್ತ ಹೆಸರಾದರು. 2015ರಲ್ಲಿ ‘ದಿ ಶೆಫರ್ಡ್ಸ್ ಲೈಫ್’ ಪುಸ್ತಕ ಬಂತು. ಮುಂದೆ ಅವರ ಹೊಲಕ್ಕೆ ನಡುವಿಗೆ ಬಿಳಿ ಪಟ್ಟಿ ಸುತ್ತಿದಂಥ ಬೆಲ್ಟೆಡ್ ಗ್ಯಾಲೊವೇ ದನ ಬಂದವು, ಹೊಸ ಗಿಡಗಳು ಬಂದವು. ಕುರಿಯವನ ಮನೆಯಲ್ಲಿ ದನ ಹೆಚ್ಚುವುದು ಅಲ್ಲಿ ಸಣ್ಣ ಸುದ್ದಿಯಲ್ಲ.

2022ರಲ್ಲಿ ಪ್ರಕಟವಾದ ಏಮಿ ಬೇಟ್‌ಮನ್ ಅವರ ‘ಫಾರ್ಟಿ ಫಾರ್ಮ್ಸ್’ ಈ ಬದಲಾವಣೆಯನ್ನೇ ವಿಷಯ ಮಾಡಿಕೊಂಡಿತು. ಕಂಬ್ರಿಯಾದ ನಲವತ್ತು ಹೊಲಮನೆಗಳು, ಛಾಯಾಗ್ರಾಹಕಿ ಸ್ವತಃ ಕೆಂಡಲ್ ಬಳಿಯ ರೈತ ಕುಟುಂಬದವರು. ಬ್ರೆಕ್ಸಿಟ್ ನಂತರ ಭೂಮಿ ಅಳತೆಗೆ ಸಿಗುತ್ತಿದ್ದ ಹಣ ಇಳಿಯುತ್ತಿತ್ತು. ಮರ, ಹುಲ್ಲು, ನೀರು ಕಾಯುವ ಕೆಲಸಕ್ಕೆ ಹಣ ಎಂಬ ಹೊಸ ಲೆಕ್ಕ ಶುರುವಾಗಿತ್ತು. ತುಪ್ಪಟ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟದ ಸ್ಥಿತಿಯಲ್ಲಿ ಒಬ್ಬರು ಹೋಮ್‌ಸ್ಟೇ ತೆರೆದರೆ ಇನ್ನೊಬ್ಬರು ಮಾಂಸವನ್ನು ಗಿರಾಕಿಯ ಮನೆಗೇ ಕಳಿಸುತ್ತಾರೆ. ಆದರೆ ಪ್ರವಾಸಿಗರ ಮರದ ಗೂಡು, ಸಸಿಗೆ ತೊಡಿಸಿದ ಪ್ಲಾಸ್ಟಿಕ್ ಕೊಳವೆ, ಮಾಂಸದ ಪೊಟ್ಟಣ ಇವು ಯಾವುವೂ ಗೋಡೆಗೆ ತೂಗುಹಾಕುವ ಚಿತ್ರಗಳಲ್ಲ. ಈ ಕ್ಷೇತ್ರದ ನಿಜವಾದ ತೊಡಕು ಇಲ್ಲಿದೆ. ಕುರಿ ಕಡಿಮೆಯಾದದ್ದನ್ನಂತೂ ಒಂದೇ ಫೋಟೋದಲ್ಲಿ ತೋರಿಸುವುದು ಹೇಗೆ?

ಒಂದು ಉತ್ತರ ಡ್ರೋನ್ ಕೊಟ್ಟಿತು. ಹಿಂದೆ ಹುಲ್ಲುಗಾವಲಿಗಾಗಿ ನೆಟ್ಟಗೆ ಮಾಡಿದ್ದ ಕಂಬ್ರಿಯಾದ ಸ್ವಿಂಡೇಲ್ ಹಳ್ಳಕ್ಕೆ 2016ರಲ್ಲಿ ಅದರ ಡೊಂಕು ಮರಳಿ ಕೊಟ್ಟರು. ನೆಲದಲ್ಲಿ ನಿಂತವನಿಗೆ ಅದು ಬರೀ ನೀರು. ಮೇಲಿನಿಂದ ನೋಡಿದರೆ ಹಳೆಯ ಗೆರೆ, ಹೊಸ ಬಳುಕು ಎರಡೂ ಎದ್ದು ಕಾಣುತ್ತವೆ. ಇನ್ನೊಂದು ಉತ್ತರ ಇನ್ನೂ ಸರಳ, ಹಳೆಯ ಫೋಟೋ ತೆಗೆದ ಜಾಗದಲ್ಲೇ ನಿಂತು ಮತ್ತೆ ತೆಗೆಯುವುದು. ಹಾರ್ಡ್‌ಮನ್‌ರ ಗಾಜಿನ ನೆಗೆಟಿವ್‌ಗಳು ಕೆಂಡಲ್‌ನ ವಸ್ತುಸಂಗ್ರಹಾಲಯದಲ್ಲಿ ಇವೆ. ಭೂಮಿ ಅಳತೆಗೆ ಸಿಗುತ್ತಿದ್ದ ಹಳೆಯ ಸಹಾಯಧನದ ಕೊನೆಯ ಕಂತು 2027ರದು. ಬೇಟ್‌ಮನ್‌ರ ನಲವತ್ತು ಹೊಲಗಳಿಗೆ ಅದಾದ ಮೇಲೊಮ್ಮೆ ಯಾರಾದರೂ ಹೋಗಬೇಕು.